ಮರೆಯ ಬಿಲ್ಲು: ಹರಿಹರ–ದಾವಣಗೆರೆ ಸೀಮೆಯ ಬೇಟೆಯ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

೧. ಪ್ರಶ್ನೆಯ ಸ್ವರೂಪ

ಬೇಟೆಯ ವಿಷಯದಲ್ಲಿ ಕನ್ನಡನಾಡಿನ ಚರಿತ್ರಕಾರನಿಗೆ ಆಕರಗಳ ಬಡತನವಿಲ್ಲ. ವೀರಗಲ್ಲುಗಳಿವೆ, ದೇವಾಲಯಗಳ ಶಿಲ್ಪಪಟ್ಟಿಕೆಗಳಿವೆ, ಚಂಪೂಕಾವ್ಯಗಳ ಬೇಟೆಯ ವರ್ಣನೆಗಳಿವೆ, ಅರಸರ ಹೆಸರಿನಲ್ಲಿ ಹುಟ್ಟಿದ ಶಾಸ್ತ್ರಗ್ರಂಥಗಳೂ ಇವೆ. ಇವೆಲ್ಲವನ್ನೂ ಒಂದೆಡೆ ಇಟ್ಟು ನೋಡಿದಾಗ ಒಂದು ಸಂಗತಿ ನಮ್ಮ ಗಮನಕ್ಕೆ ಬರುತ್ತದೆ. ಇವುಗಳಲ್ಲಿ ಕಾಣುವ ಬೇಟೆ ಬಹುಮಟ್ಟಿಗೆ ಗದ್ದಲದ ಬೇಟೆ. ಅಲ್ಲಿ ನಾಯಿಗಳ ಬೊಗಳು, ಸೋವುವವರ ಕೂಗು, ಬಲೆಗಳ ಸಾಲು, ಕುದುರೆಯ ಮೇಲಿನ ಅರಸು, ಎದುರೆದುರು ನಿಂತು ಹೋರಾಡುವ ಹಂದಿ ಅಥವಾ ಹುಲಿ, ಇವು ತಪ್ಪದೆ ಬರುತ್ತವೆ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ಬೇಟೆಯೂ ನಮ್ಮ ನಾಡಿನಲ್ಲಿ ನಡೆಯುತ್ತಿತ್ತು. ಒಬ್ಬನೋ ಇಬ್ಬರೋ ನೀರಿನ ಹತ್ತಿರ ಅಥವಾ ಮೃಗಗಳ ಜಾಡಿನ ಪಕ್ಕದಲ್ಲಿ ನೆಲದ ಮೇಲೆಯೇ ಮರೆ ಮಾಡಿಕೊಂಡು, ಬಿಲ್ಲು ಹಿಡಿದು, ಉಸಿರು ಬಿಗಿಹಿಡಿದು ಕಾಯುವ ಬೇಟೆ ಅದು. ಅಲ್ಲಿ ಕೂಗಿಲ್ಲ, ಪರಿವಾರವಿಲ್ಲ, ನೋಡುವವರೂ ಇಲ್ಲ. ಹೊಟ್ಟೆಪಾಡಿಗಾಗಿ ಬೇಟೆಯಾಡಿದವನಿಗೆ ಸಹಜವಾದ ಕ್ರಮ ಇದೇ. ಹೀಗಿದ್ದೂ ನಮ್ಮ ಆಕರಗಳಲ್ಲಿ ಇದರ ಸುಳಿವು ಇಷ್ಟು ವಿರಳವಾಗಿರುವುದೇಕೆ? ಅದನ್ನು ಎಲ್ಲಿ ಹುಡುಕಬೇಕು? ಪ್ರಕೃತ ಲೇಖನದ ಉದ್ದೇಶ ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದು. ಇದು ಕೇವಲ ಬೇಟೆಯ ವಿಧಾನವೊಂದಕ್ಕೆ ಸಂಬಂಧಿಸಿದ ಕುತೂಹಲವಲ್ಲ. ಬೇಡ ಜನರ ಇತಿಹಾಸವನ್ನು ನಾವು ಯಾವ ಆಕರಗಳಿಂದ ಬರೆಯುತ್ತೇವೆ ಎಂಬ ದೊಡ್ಡ ಪ್ರಶ್ನೆಯೂ ಇದರೊಳಗೆ ಅಡಗಿದೆ.

೨. ನೆಲ ಮತ್ತು ಕ್ರಮ

ಮೊದಲು ನೆಲದ ಗುಣವನ್ನು ಗಮನಿಸಬೇಕು. ತುಂಗಭದ್ರೆಯ ದಂಡೆಯ ಹರಿಹರದಿಂದ ದಾವಣಗೆರೆಯನ್ನು ಹಾದು ಜಗಳೂರು, ಚಿತ್ರದುರ್ಗಗಳ ಕಡೆಗೆ ಹೋಗುವ ಸೀಮೆ ಬಯಲುನಾಡು. ಜೋಳದ ಹೊಲಗಳು, ಹುಲ್ಲುಗಾವಲು, ಕುರುಚಲು ಬೆಳೆದ ಕಲ್ಲುಗುಡ್ಡಗಳು ಇಲ್ಲಿಯ ಹಳೆಯ ಲಕ್ಷಣ. ಭದ್ರಾ ನಾಲೆಯ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಭತ್ತದ ಗದ್ದೆ, ಅಡಕೆಯ ತೋಟಗಳು ಎದ್ದಿವೆ. ಅದಕ್ಕೆ ಮುಂಚೆ ಬೇಸಗೆಯಲ್ಲಿ ಜನಕ್ಕೂ ದನಕ್ಕೂ ಕಾಡಿನ ಜೀವಕ್ಕೂ ಕೆರೆಯೇ ಆಧಾರವಾಗಿತ್ತು. ದಾವಣಗೆರೆ, ಲೋಕಿಕೆರೆ ಮೊದಲಾದ ಊರುಗಳ ಹೆಸರುಗಳಲ್ಲಿ ಕೆರೆ ಸೇರಿಕೊಂಡಿರುವುದು ಆಕಸ್ಮಿಕವಲ್ಲ. ನೆರೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂತಹ ಮಹಾಜಲಾಶಯವನ್ನು ಕಟ್ಟಿಸಿದ ನಾಡು ಇದು.

ಇಂತಹ ಬಯಲಿನ ಮುಖ್ಯ ಮೃಗ ಕೃಷ್ಣಮೃಗ. ಇದನ್ನು ಎರಳೆಯೆಂದೂ ಚಿಗರಿಯೆಂದೂ ಕರೆಯುತ್ತಾರೆ. ಹೊಳೆಯ ಆಚೆಗಿನ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗ ಅಭಯಾರಣ್ಯ ಸ್ಥಾಪಿತವಾದುದೂ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಾಗಿ ಅಭಯಾರಣ್ಯವೆಂದು ೨೦೧೧ರಲ್ಲಿ ಘೋಷಿತವಾದುದೂ ಈ ಸೀಮೆಯ ಹಳೆಯ ಮೃಗಸಂಪತ್ತಿಗೆ ಸಾಕ್ಷಿಗಳಾಗಿವೆ. ಕೃಷ್ಣಮೃಗದ ಕಣ್ಣು ಚುರುಕು, ಓಟ ಅದಕ್ಕಿಂತ ಚುರುಕು. ಬಟ್ಟಬಯಲಿನಲ್ಲಿ ಅದನ್ನು ಅಟ್ಟಿ ಹಿಡಿಯುವುದಕ್ಕೆ ಕುದುರೆ ಬೇಕು, ಪಳಗಿಸಿದ ಚಿರತೆ ಬೇಕು, ಇಲ್ಲವೆ ಬಲೆ ಹಿಡಿದ ನೂರು ಜನ ಬೇಕು. ಇವು ಯಾವುವೂ ಇಲ್ಲದವನು ಮೃಗವೇ ತನ್ನ ಬಳಿಗೆ ಬರುವ ಜಾಗದಲ್ಲಿ ಕಾಯಬೇಕಷ್ಟೆ.

ಬಿಲ್ಲಿನ ಸ್ವಭಾವವೂ ಇದನ್ನೇ ಹೇಳುತ್ತದೆ. ಬಿದಿರಿನ ಬಿಲ್ಲಿನಿಂದ ಬಿಟ್ಟ ಅಂಬು ಬಹುದೂರ ಹೋಗಬಲ್ಲದಾದರೂ ಮೃಗವನ್ನು ಖಚಿತವಾಗಿ ಕೆಡಹುವುದು ಕೆಲವೇ ಮಾರುಗಳ ಅಂತರದಲ್ಲಿ. ಆದುದರಿಂದ ಬಿಲ್ಲುಗಾರನ ಮುಖ್ಯ ವಿದ್ಯೆ ಎಸೆಯುವುದಲ್ಲ, ಹತ್ತಿರವಾಗುವುದು. ಗಾಳಿ ಮೃಗದ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ಜಾಗ ಆರಿಸಬೇಕು. ಮರೆ ಹೊಸದೆಂದು ಮೃಗಕ್ಕೆ ತೋರದಂತೆ ಅಲ್ಲಿಯದೇ ಕಲ್ಲು, ಮುಳ್ಳು, ಸೊಪ್ಪುಗಳಿಂದ ಅದನ್ನು ಕಟ್ಟಬೇಕು, ಅಥವಾ ಸೊಂಟದುದ್ದದ ಗುಳಿ ತೋಡಿ ಕೂರಬೇಕು. ಕುಳಿತಲ್ಲಿಯೇ ಹೆದೆ ಎಳೆಯಬೇಕಾದುದರಿಂದ ಬಿಲ್ಲು ತೀರ ಉದ್ದವಾಗಿರಬಾರದು. ಮೃಗ ನೀರಿಗೆ ತಲೆ ಬಗ್ಗಿಸುವವರೆಗೆ ಕೈ ಅಲುಗಬಾರದು. ಅಂಬು ತಗುಲಿದ ಮೇಲೂ ಕೂಡಲೇ ಏಳಬಾರದು. ಎದ್ದು ಓಡಿಸಿದರೆ ಗಾಯಗೊಂಡ ಮೃಗ ಹರದಾರಿ ದೂರ ಹೋಗಿಬಿಡುತ್ತದೆ. ಅದು ಹತ್ತಿರದಲ್ಲಿಯೇ ಮಲಗುವವರೆಗೆ ಕಾದು, ಅನಂತರ ನೆತ್ತರ ಜಾಡು ಹಿಡಿದು ಹೋಗಬೇಕು. ತಾಳ್ಮೆ, ಮೃಗದ ಮನಸ್ಸಿನ ಅರಿವು, ನೆಲದ ಅರಿವು, ಈ ಮೂರು ಇಲ್ಲದವನಿಗೆ ಬಿಲ್ಲು ಬರಿಯ ಬಿದಿರು.

೩. ಕಲ್ಲಿನ ಸಾಕ್ಷ್ಯ

ಇನ್ನು ಆಕರಗಳಿಗೆ ಬರೋಣ. ಬೇಟೆಗೆ ಸಂಬಂಧಿಸಿದ ಕನ್ನಡ ಶಾಸನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಹತ್ತನೆಯ ಶತಮಾನದ ನಡುವಿನ ಈ ಶಾಸನ ತಕ್ಕೋಲದ ಕದನವನ್ನು ಹೇಳುತ್ತ, ಗಂಗ ಬೂತುಗನ ಆಪ್ತನಾದ ಮಣಲೇರನ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನು ದಾಖಲಿಸುತ್ತದೆ. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಹುಲಿಯೊಡನೆ, ಹಂದಿಯೊಡನೆ ಕಾದಿ ಮಡಿದವರ ವೀರಗಲ್ಲುಗಳು ನಾಡಿನ ನಾನಾ ಕಡೆ ದೊರೆತಿವೆ.

ಕಲ್ಲಿನ ಈ ಆಯ್ಕೆಯ ಹಿಂದಿನ ತರ್ಕ ಸ್ಪಷ್ಟವಾಗಿದೆ. ವೀರಗಲ್ಲು ಹುಟ್ಟುವುದು ಸಾವಿನಿಂದ, ಅದೂ ಎದುರು ನಿಂತು ಪಡೆದ ಸಾವಿನಿಂದ. ಮರೆಯಲ್ಲಿ ಕುಳಿತು ಎರಳೆಯನ್ನು ಹೊಡೆದು ಹೆಗಲ ಮೇಲೆ ಹೊತ್ತು ಮನೆಗೆ ಬಂದವನು ಸಾಯಲಿಲ್ಲ. ಆದುದರಿಂದ ಅವನಿಗೆ ಕಲ್ಲಿಲ್ಲ. ಅವನ ಬೇಟೆ ಸಫಲವಾದಷ್ಟೂ ಅವನು ಚರಿತ್ರೆಯಿಂದ ಮರೆಯಾಗುತ್ತಾನೆ. ದಾನಶಾಸನಗಳಲ್ಲಿಯೂ ಅವನಿಗೆ ಎಡೆಯಿಲ್ಲ. ಹರಿಹರೇಶ್ವರ ದೇವಾಲಯವನ್ನು ೧೩ನೆಯ ಶತಮಾನದಲ್ಲಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನ ಹೆಸರು ಇಂದಿಗೂ ಉಳಿದಿದೆ. ಅದೇ ಹೊಳೆಯ ದಂಡೆಯಲ್ಲಿ ಕಾದು ಕುಳಿತವನ ಹೆಸರನ್ನು ಉಳಿಸಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಶಿಲ್ಪಗಳು ಶಾಸನಗಳಿಗಿಂತ ಸ್ವಲ್ಪ ಉದಾರ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯಿದ್ದಾಳೆ. ಹಂಪೆಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಜಿಂಕೆಗಳನ್ನು ಬಿಲ್ಲಿನಿಂದ ಹೊಡೆಯುವ ಬೇಟೆಗಾರರಿದ್ದಾರೆ. ಆದರೆ ಶಿಲ್ಪಕ್ಕೆ ಚಲನೆ ಬೇಕು. ಮುಳ್ಳಿನ ಮರೆಯಲ್ಲಿ ಅಲುಗದೆ ಕುಳಿತವನನ್ನು ಕೆತ್ತಿದರೆ ಕಾಣುವುದು ಮುಳ್ಳಷ್ಟೆ.

೪. ಗ್ರಂಥಗಳ ಸಾಕ್ಷ್ಯ

ಗ್ರಂಥಗಳಲ್ಲಿ ಮರೆಯ ಬೇಟೆ ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಅರಸನ ವಿನೋದವಾಗಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸುಮಾರು ಕ್ರಿ. ಶ. ೧೧೩೦ರ ಸಂಸ್ಕೃತ ಗ್ರಂಥ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗಗೊಂಡಿರುವ ಇದರ ವಿನೋದ ಭಾಗದಲ್ಲಿ ನಾಯಿ, ಗಿಡುಗ, ಮೀನುಗಳ ವಿನೋದಗಳೊಡನೆ ಮೃಗಯಾವಿನೋದವೂ ಸೇರಿದೆ. ನೀರಿಗೆ ಬರುವ ಮೃಗವನ್ನು ಮರೆಯಲ್ಲಿದ್ದು ಹೊಡೆಯುವುದು, ಪಳಗಿಸಿದ ಜಿಂಕೆಯನ್ನು ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು, ಇಂತಹ ಕ್ರಮಗಳನ್ನು ಗ್ರಂಥಕಾರ ಬಲ್ಲ. ಅರಮನೆಯಲ್ಲಿ ಹುಟ್ಟಿದವನಿಗೆ ಈ ತಿಳಿವಳಿಕೆ ಬಂದುದು ಕಾಡಿನಲ್ಲಿ ಬದುಕಿದವರಿಂದಲೇ ಎಂದು ನಾವು ಊಹಿಸುವುದರಲ್ಲಿ ತಪ್ಪಿಲ್ಲ. ಬೇಡನ ಕಸುಬು ಇಲ್ಲಿ ಅರಸನ ವಿನೋದವಾಗಿ, ಸಂಸ್ಕೃತ ಶ್ಲೋಕದ ಉಡುಗೆ ತೊಟ್ಟು ಬಂದಿದೆ.

ಹೊರನಾಡುಗಳಲ್ಲಿಯೂ ಹೀಗೆಯೇ ನಡೆದಿದೆ. ಫ್ರಾನ್ಸಿನ ದಕ್ಷಿಣದ ಫ್ವಾ ಸಂಸ್ಥಾನದ ಪ್ರಭು ಗ್ಯಾಸ್ಟನ್ ಫೀಬಸ್ ೧೩೮೭ರಲ್ಲಿ ಬರೆಯತೊಡಗಿದ ಬೇಟೆಯ ಗ್ರಂಥದಲ್ಲಿ, ಸೊಪ್ಪು ಹೊದಿಸಿದ ಬಂಡಿಯ ಮರೆಯಿಂದ ಮೃಗವನ್ನು ಹೊಡೆಯುವ ಕ್ರಮ ಬರುತ್ತದೆ. ಆದರೆ ಬಲೆ, ಉರುಲು, ಮರೆಗಳ ಬೇಟೆಯನ್ನು ಹೇಳುವಾಗ ಆ ಪ್ರಭುವಿಗೆ ಒಳಗೊಳಗೇ ಸಂಕೋಚ. ನಾಯಿಗಳೊಡನೆ ಅಟ್ಟಿಹೋಗುವುದೇ ಕುಲೀನರ ಬೇಟೆಯೆಂದು ಅವನ ಮತ. ನಮ್ಮ ದೇಶದಲ್ಲಿ ಅಬುಲ್ ಫಜಲನ ಐನ್-ಇ-ಅಕ್ಬರಿಯೂ ಪಳಗಿಸಿದ ಜಿಂಕೆಯ ಕೊಂಬಿಗೆ ಬಲೆ ಕಟ್ಟಿ ಕಾಡು ಜಿಂಕೆಯನ್ನು ಹಿಡಿಯುವ ಕ್ರಮವನ್ನು ದಾಖಲಿಸಿದೆ. ಮೂರು ಆಸ್ಥಾನಗಳಲ್ಲಿಯೂ ಬಡವನ ವಿದ್ಯೆ ಗ್ರಂಥಸ್ಥವಾಯಿತು. ಬಡವನ ಹೆಸರು ಮಾತ್ರ ಆಗಲಿಲ್ಲ.

ಎರಡನೆಯ ಬಗೆ ಇನ್ನೂ ಗಂಭೀರವಾದುದು. ಇತಿಹಾಸ ಪುರಾಣಗಳಲ್ಲಿ ಮರೆಯ ಬಾಣ ಧರ್ಮಸಂಕಟವಾಗಿ ಬರುತ್ತದೆ. ದಶರಥ ರಾತ್ರಿಯ ಹೊತ್ತು ಸರಯೂ ನದಿಯ ದಂಡೆಯಲ್ಲಿ ನೀರಿಗೆ ಬರುವ ಮೃಗಕ್ಕಾಗಿ ಕಾದಿದ್ದು, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟ. ಸತ್ತವನು ತಾಪಸಕುಮಾರ. ಜರನೆಂಬ ಬೇಡ ಕೃಷ್ಣನನ್ನು ಮೃಗವೆಂದು ಭ್ರಮಿಸಿ ಹೊಡೆದ. ರಾಮ ವಾಲಿಯನ್ನು ಮರೆಯಿಂದ ಹೊಡೆದ. ವಾಲಿ ಅದನ್ನು ಅಧರ್ಮವೆಂದಾಗ ರಾಮ ಕೊಡುವ ಸಮಾಧಾನಗಳಲ್ಲಿ ಒಂದು ಬೇಟೆಗೆ ಸಂಬಂಧಿಸಿದ್ದು: ಬಲೆಯಿಂದಲೂ ಉರುಲಿನಿಂದಲೂ, ಕಾಣುವಂತೆಯೂ ಕಾಣದಂತೆಯೂ ಇದ್ದು ಮನುಷ್ಯರು ಮೃಗಗಳನ್ನು ಹಿಡಿಯುತ್ತಾರೆ, ಅದರಲ್ಲಿ ದೋಷವಿಲ್ಲ ಎಂಬುದು. ಸಂಪ್ರದಾಯ ಕಿಷ್ಕಿಂಧೆಯನ್ನು ಗುರುತಿಸುವುದು ಆನೆಗೊಂದಿಯ ಸುತ್ತಮುತ್ತ, ಹರಿಹರವನ್ನು ತೊಳೆದು ಬರುವ ಅದೇ ತುಂಗಭದ್ರೆಯ ದಂಡೆಯಲ್ಲಿ. ಆದಿಕವಿಯಾದ ವಾಲ್ಮೀಕಿಯನ್ನು ಬೇಡ ಸಮುದಾಯ ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಆ ಸಮುದಾಯದ ಗುರುಪೀಠ ಇರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ. ಮರೆಯ ಬೇಟೆಗೆ ದೋಷವಿಲ್ಲವೆಂಬ ವಾಕ್ಯ ಆ ಕವಿಯ ಕಾವ್ಯದಲ್ಲಿಯೇ ಇರುವುದು ಗಮನಾರ್ಹ.

ಈ ಮೂರು ಕಥೆಗಳಲ್ಲಿ ಮೊದಲಿನೆರಡು ಒಂದೇ ಭಯವನ್ನು ಹೇಳುತ್ತವೆ: ಮರೆಯಲ್ಲಿರುವವನು ಕಾಣಿಸುವುದಿಲ್ಲವೆಂಬುದು ಎಷ್ಟು ನಿಜವೋ, ಅವನಿಗೂ ಎಲ್ಲವೂ ಕಾಣಿಸುವುದಿಲ್ಲವೆಂಬುದು ಅಷ್ಟೇ ನಿಜ. ಇದು ಬೇಟೆಯನ್ನು ಬಲ್ಲವರ ಭಯ. ಕೌಟಲ್ಯನ ಅರ್ಥಶಾಸ್ತ್ರವು ಬೇಟೆಯಿಂದ ಚಲಿಸುವ ಗುರಿ, ನಿಂತ ಗುರಿ ಎರಡರ ಅಭ್ಯಾಸವೂ, ಕೋಪ ಭಯಗಳಲ್ಲಿ ಮೃಗದ ಚಿತ್ತ ಹೇಗಿರುತ್ತದೆಂಬ ತಿಳಿವೂ ಬರುತ್ತವೆಂದು ಹೇಳುತ್ತದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ಆ ಮಾತನ್ನು ನಾವು ರಾಜನೀತಿಯ ಮಾತೆಂದು ಓದುತ್ತೇವೆ. ಅದನ್ನು ಬೇಡನ ವಿದ್ಯೆಯ ವಿವರಣೆಯೆಂದೂ ಓದಬಹುದು.

೫. ಮಾತಿನ ಸಾಕ್ಷ್ಯ

ಕಲ್ಲು ಮೌನವಾಗಿ, ಗ್ರಂಥ ಅರಸನದೋ ಋಷಿಯದೋ ಆಗಿರುವಾಗ ಚರಿತ್ರಕಾರನಿಗೆ ಉಳಿಯುವ ಮೂರನೆಯ ಆಕರ ಭಾಷೆ. ಈ ಆಕರವನ್ನು ನಮ್ಮ ಇತಿಹಾಸ ವಿಭಾಗಗಳು ಸಾಕಷ್ಟು ಬಳಸಿಕೊಂಡಿಲ್ಲವೆಂದು ನಮ್ಮ ಅಭಿಪ್ರಾಯ.

‘ಬೇಟೆ’, ಹಳಗನ್ನಡದ ‘ಬೇಂಟೆ’, ತಮಿಳಿನ ‘ವೇಟ್ಟೈ’ಗಳು ಒಂದೇ ಬೇರಿನವು. ‘ಬೇಡ’ ಎಂಬ ಜನವಾಚಕವೂ ತಮಿಳಿನ ‘ವೇಡನ್’ ಎಂಬುದರೊಡನೆ ಅದೇ ಕುಟುಂಬಕ್ಕೆ ಸೇರುತ್ತದೆ. ಎಂದರೆ ಜನದ ಹೆಸರೇ ಕಸುಬಿನ ಹೆಸರು. ಬೇಟೆಯ ಸೆಳೆಗೆಂದು ಪಳಗಿಸಿದ ಮೃಗ ಪಕ್ಷಿಗಳಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಮಾತಿತ್ತು. ಸೋಮೇಶ್ವರನ ಗ್ರಂಥ ಸಂಸ್ಕೃತದಲ್ಲಿ ವಿವರಿಸುವ ಪಳಗಿಸಿದ ಜಿಂಕೆಗೆ ಕನ್ನಡಿಗರು ತಮ್ಮದೇ ಮಾತನ್ನು ಇಟ್ಟುಕೊಂಡಿದ್ದರು. ಅಂಬಿನ ಭಾಗಗಳಿಗೂ ಅಲಗು, ಗರಿ, ಹಿಳುಕು ಎಂಬ ಬೇರೆ ಬೇರೆ ಮಾತುಗಳಿವೆ. ಇಷ್ಟು ಸೂಕ್ಷ್ಮವಾದ ಹೆಸರುಗಳು ಹುಟ್ಟುವುದು ಬಳಸುವವರ ನಡುವೆ, ನೋಡುವವರ ನಡುವೆ ಅಲ್ಲ.

ಅತ್ಯಂತ ಮಹತ್ವದ ಎರಡು ಮಾತುಗಳು ಮಲೆನಾಡಿನ ಬೇಟೆಗಾರರಲ್ಲಿ ಉಳಿದು, ಕುವೆಂಪು ಮೊದಲಾದವರ ಬರಹಗಳ ಮೂಲಕ ಕನ್ನಡ ಓದುಗರೆಲ್ಲರಿಗೂ ಪರಿಚಿತವಾಗಿವೆ. ಒಂದು ‘ಮರಸು’. ಮೃಗ ಬರುವ ಜಾಗದಲ್ಲಿ ಅಡಗಿ ಕಾಯುವುದಕ್ಕೆ ‘ಮರಸು ಕೂರುವುದು’ ಎನ್ನುತ್ತಾರೆ. ಮರೆ, ಮರೆಯಾಗು, ಮರಸು ಇವು ಒಂದೇ ಮನೆಯ ಮಾತುಗಳು. ಇನ್ನೊಂದು ‘ಬಿಲ್ಲು’. ಸೋವು ಬೇಟೆಯಲ್ಲಿ ಈಡುಗಾರ ಕೋವಿ ಹಿಡಿದು ಅಡಗಿ ನಿಲ್ಲುವ ಜಾಗಕ್ಕೆ ಬಿಲ್ಲೆಂದೇ ಹೆಸರು. ‘ಬಿಲ್ಲಿಗೆ ನಿಲ್ಲುವುದು’ ಎಂದರೆ ಆ ಜಾಗದಲ್ಲಿ ಕಾಯುವುದು. ಕೈಯಲ್ಲಿ ಬಿಲ್ಲಿಲ್ಲ, ಕೋವಿಯಿದೆ. ಆದರೂ ಹೆಸರು ಬಿಲ್ಲು! ಆಯುಧ ಹೋಗಿ ಎಷ್ಟೋ ಕಾಲವಾದ ಮೇಲೂ ಅದರ ಹೆಸರು ಮರೆಯ ಜಾಗಕ್ಕೆ ಅಂಟಿಕೊಂಡು ಉಳಿದಿರಬೇಕಾದರೆ, ಬಿಲ್ಲಿಗೂ ಮರೆಗೂ ನಮ್ಮ ನಾಡಿನಲ್ಲಿ ಎಷ್ಟು ಗಾಢವಾದ ಸಂಬಂಧವಿತ್ತೆಂಬುದು ವಿಶದವಾಗುತ್ತದೆ. ಯಾವ ವೀರಗಲ್ಲೂ ಹೇಳದುದನ್ನು ಈ ಒಂದು ಮಾತು ಹೇಳುತ್ತದೆ.

೬. ಬೇಡರು ಮತ್ತು ಆಯುಧ

ಈಗ ನಮ್ಮ ಸೀಮೆಯ ಬೇಡರ ಚರಿತ್ರೆಗೆ ಹಿಂದಿರುಗೋಣ. ವಿಜಯನಗರದ ಕಾಲದಿಂದ ಚಿತ್ರದುರ್ಗ, ಸುರಪುರ ಮೊದಲಾದ ಕಡೆಗಳಲ್ಲಿ ಬೇಡ ನಾಯಕರು ಪಾಳೆಯಪಟ್ಟುಗಳನ್ನು ಕಟ್ಟಿದರು. ದಾವಣಗೆರೆಯೂ ಚಿತ್ರದುರ್ಗದ ನಾಯಕರ ಆಳ್ವಿಕೆಗೆ ಒಳಪಟ್ಟಿತ್ತು. ೧೭೭೯ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದು, ಸಹಸ್ರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಬೇಡ ಬಾಲಕರಿಂದ ಚೇಲಾ ಪಡೆಗಳನ್ನು ಕಟ್ಟಿದ. ಈ ಸಂಗತಿಗಳು ಪಠ್ಯಪುಸ್ತಕಗಳಲ್ಲಿವೆ. ಆದರೆ ಹೈದರನಿಗೆ ಈ ಮಕ್ಕಳು ಏಕೆ ಬೇಕಾದರು? ಗುಡ್ಡಗಾಡಿನಲ್ಲಿ ಸದ್ದಿಲ್ಲದೆ ಚಲಿಸುವ, ಗಂಟೆಗಟ್ಟಲೆ ಕಾಯುವ, ಒಂದೇ ಏಟಿಗೆ ಗುರಿ ಹೊಡೆಯುವ ವಿದ್ಯೆ ಅವರ ಮನೆಗಳಲ್ಲಿ ಮೊದಲೇ ಇತ್ತು. ಬೇಟೆಯೇ ಆ ಪಡೆಗಳ ಮೊದಲ ಪಾಠಶಾಲೆಯಾಗಿತ್ತೆಂದು ನಾವು ಭಾವಿಸುತ್ತೇವೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಬೇಡರ ಕೈಗೆ ಬಂದೂಕು ಬಂದಿತ್ತು. ಬಿಲ್ಲಿನ ಇಳಿಗಾಲ ಆಗಲೇ ಮೊದಲಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಆ ಇಳಿಗಾಲಕ್ಕೆ ಕಾನೂನಿನ ಮುದ್ರೆ ಬಿದ್ದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೫೭ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ, ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ಎದುರು ನಿಂತರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಈ ಘಟನೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಹಲಗಲಿಯನ್ನು ನಾವು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುತ್ತೇವೆ, ಅದು ಸರಿಯೇ. ಆದರೆ ಬೇಡನಿಗೆ ಆಯುಧವೆಂದರೆ ಬಂಡಾಯದ ಸಾಧನವಾಗುವುದಕ್ಕೆ ಮುಂಚೆ ಅನ್ನದ ಸಾಧನವಾಗಿತ್ತು. ಅದನ್ನು ಒಪ್ಪಿಸೆಂದರೆ ರೈತನಿಗೆ ನೇಗಿಲನ್ನು ಒಪ್ಪಿಸೆಂದಂತೆ.

೧೮೭೮ರ ಭಾರತೀಯ ಆಯುಧ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಂದೂಕು, ಕತ್ತಿ, ಈಟಿಗಳೊಡನೆ ಬಿಲ್ಲು ಬಾಣಗಳನ್ನೂ ಅದು ಆಯುಧಗಳ ವ್ಯಾಖ್ಯೆಯಲ್ಲಿ ಸೇರಿಸಿತು. ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಹರಿಹರಕ್ಕೆ ಹತ್ತಿರದ ಸೀಮೆ. ಬ್ರಿಟಿಷ್ ಭಾರತದ ಕಾಯಿದೆ ಹೊಳೆಯಷ್ಟೇ ಹತ್ತಿರದಲ್ಲಿ ಹರಿಯುತ್ತಿತ್ತು. ಮೈಸೂರು ಸಂಸ್ಥಾನವೂ ೧೯೦೧ರಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆಂದು ತನ್ನದೇ ಕಟ್ಟಳೆಯನ್ನು ಮಾಡಿತು. ಅದೇ ಕಾಲದಲ್ಲಿ ಅಧಿಕಾರಿಗಳೂ ಅವರ ಅತಿಥಿಗಳೂ ಕೋವಿಯಿಂದ ನಡೆಸಿದ ಬೇಟೆ ‘ಶಿಕಾರಿ’ ಎಂಬ ಗೌರವದ ಹೆಸರು ಪಡೆಯಿತು. ಅವರಿಗೆ ಜಾಡು ತೋರಿಸುತ್ತ ಮುಂದೆ ನಡೆದವನು ಸ್ಥಳದ ಬೇಟೆಗಾರ. ಅವನ ವಿದ್ಯೆ ಬೇಕಾಗಿತ್ತು, ಅವನ ಬಿಲ್ಲು ಬೇಡವಾಗಿತ್ತು.

ಸ್ವತಂತ್ರ ಭಾರತದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕೃಷ್ಣಮೃಗದ ಬೇಟೆ ಎಲ್ಲರಿಗೂ ಅಪರಾಧವಾಗಿದೆ. ಅದು ಆಗಲೇಬೇಕಾಗಿತ್ತು. ಬಯಲುಗಳು ಹೊಲಗಳಾಗಿ, ಕೋವಿಗಳು ಹೆಚ್ಚಿ, ಎರಳೆಯ ಹಿಂಡುಗಳು ಅಭಯಾರಣ್ಯದ ಎಲ್ಲೆಗಳೊಳಕ್ಕೆ ಕುಗ್ಗಿದ ಮೇಲೆ ಬೇಟೆಯನ್ನು ಮರಳಿ ತರಬೇಕೆಂದು ವಿವೇಕಿಗಳಾರೂ ಹೇಳರು. ಆದರೆ ಕಸುಬು ನಿಂತುದು ಬೇರೆ, ಕಸುಬಿನ ಚರಿತ್ರೆ ಅಳಿಯುವುದು ಬೇರೆ. ಮೊದಲನೆಯದು ನ್ಯಾಯ, ಎರಡನೆಯದು ನಮ್ಮ ಉದಾಸೀನತೆ.

೭. ಉಪಸಂಹಾರ

ಮೇಲಿನ ವಿಚಾರಗಳಿಂದ ನಾವು ತಲುಪುವ ನಿರ್ಣಯ ಇಷ್ಟು. ಮರೆಯ ಬಿಲ್ಲಿನ ಬೇಟೆ ಕಲ್ಲಿನಲ್ಲಿ ಉಳಿಯಲಿಲ್ಲ, ಏಕೆಂದರೆ ಅಲ್ಲಿ ವೀರಮರಣವಿಲ್ಲ. ಗ್ರಂಥಗಳಲ್ಲಿ ಅದು ಅರಸನ ವಿನೋದವಾಗಿ ಅಥವಾ ಧರ್ಮಸಂಕಟವಾಗಿ ಉಳಿಯಿತು, ಏಕೆಂದರೆ ಗ್ರಂಥ ಬರೆದವರು ಅದರಿಂದ ಹೊಟ್ಟೆ ಹೊರೆದವರಲ್ಲ. ಮಾತಿನಲ್ಲಿ ಮಾತ್ರ ಅದು ಕಸುಬಾಗಿ ಉಳಿದಿದೆ. ಬೇಡರನ್ನು ಪಾಳೆಯಗಾರರೆಂದೋ, ದಂಗೆಕೋರರೆಂದೋ, ಪುರಾಣದ ಭಕ್ತರೆಂದೋ ಮಾತ್ರ ಬಲ್ಲ ನಮ್ಮ ಚರಿತ್ರೆ, ಅವರನ್ನು ಒಂದು ವಿದ್ಯೆಯ ಒಡೆಯರೆಂದು ಬಲ್ಲಂತಾಗಬೇಕಾದರೆ ಈ ಮೂರನೆಯ ಆಕರದ ಕಡೆಗೆ ತಿರುಗಲೇಬೇಕು.

ಇದು ವಿದ್ಯಾರ್ಥಿಗಳ ಕೈಗೆ ನಿಲುಕುವ ಕೆಲಸ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಹಿಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಒಂದೆಡೆ ತಂದುಕೊಟ್ಟಿದೆ. ದಾವಣಗೆರೆ, ಹರಿಹರಗಳೂ ಅದರಲ್ಲಿ ಸೇರಿವೆ. ಅಂತಹ ಸಂಪುಟವೊಂದು ಈ ಸೀಮೆಯ ಕಸುಬಿನ ಮಾತುಗಳಿಗೂ ಬೇಕು. ಲೋಕಿಕೆರೆಯಂತಹ ಒಂದೊಂದು ಊರನ್ನು ಒಬ್ಬೊಬ್ಬ ವಿದ್ಯಾರ್ಥಿ ಆರಿಸಿಕೊಂಡು, ಕೆರೆಯ ಅಂಗಳದ, ಗುಡ್ಡದ ಕಣಿವೆಯ, ಹೊಲದ ಒಂದೊಂದು ತುಂಡಿನ ಹೆಸರನ್ನು ಬರೆದುಕೊಳ್ಳಲಿ. ಹಿರಿಯರನ್ನು ಕೇಳಿ ಜಾಡು, ಮರೆ, ಗಾಳಿ, ಅಂಬುಗಳಿಗೆ ಸಂಬಂಧಿಸಿದ ಮಾತುಗಳನ್ನು ಕೂಡಿಹಾಕಲಿ. ‘ಮರಸು’, ‘ಬಿಲ್ಲು’ ಎಂಬಂತಹ ಮಾತು ಬಯಲುನಾಡಿನಲ್ಲಿ ಯಾವ ರೂಪ ತಳೆದಿದೆಯೆಂದು ಹೋಲಿಸಿ ನೋಡಲಿ. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು. ಹಿರಿಯರ ನಾಲಗೆಯ ಮೇಲಿನ ಮಾತು ಅಷ್ಟು ಕಾಲ ಕಾಯದು.